ಆ ಹುಡುಗನ್ನ ಕೇಳಿದ್ರಾ?

ಸೋಮವಾರ ಅಮ್ಮನ ಮಂಡಿ ಎಕ್ಸ್‌ರೇಗೆ ಹೋದಾಗ ನಮ್ಮ ಟೋಕನ್ 63. ಒಳಗೆ ಗೊತ್ತಿದ್ದವರೊಬ್ಬರಿಗೆ ಫೋನ್ ಹಾಕಿದೆ. 20 ದಾಟುವಷ್ಟರಲ್ಲಿ ಅಮ್ಮನ ಹೆಸರು ಕೂಗಿದರು. ಬೆಂಚಿನ ಮೇಲಿದ್ದ ಅಜ್ಜ ತಮ್ಮ ಚೀಟಿಯನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿದರು.

ಅದೇ ರಾತ್ರಿ ಮಗಳಿಗೆ ಶಾಲೆಯ ಭಾಷಣ ಬರೆಸುತ್ತಾ ನಮ್ಮ ಸೇನೆಯ ಮುಖ್ಯಸ್ಥರಾಗಿದ್ದ ಕೊಡಗಿನ ಕಾರ್ಯಪ್ಪನವರ ಕಥೆ ಹೇಳುತ್ತಿದ್ದೆ. ನನ್ನ ಮುಖಕ್ಕೆ!

1965ರ ಸೆಪ್ಟೆಂಬರ್ 22. ಭಾರತ-ಪಾಕಿಸ್ತಾನ ಯುದ್ಧದ ಕದನವಿರಾಮಕ್ಕೆ ಕೆಲವೇ ಗಂಟೆ ಬಾಕಿ. ಮಗ ನಂದಾ ಕಾರ್ಯಪ್ಪ ಹಾರಿಸುತ್ತಿದ್ದ ಹಂಟರ್ ವಿಮಾನಕ್ಕೆ ನೆಲದಿಂದ ಹೊಡೆದರು. ವಿಮಾನದಿಂದ ಹೊರಗೆ ಹಾರಿದರೂ ಬೆನ್ನುಮೂಳೆಗೆ ಪೆಟ್ಟು, ಬಿದ್ದದ್ದು ಪಾಕಿಸ್ತಾನದವರ ಕೈಗೆ. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ದೇಶ ಒಡೆಯುವ ಮುಂಚೆ ಅಪ್ಪನ ಕೈಕೆಳಗಿದ್ದವರು. ಮಗನನ್ನು ಬಿಡುತ್ತೇನೆ ಎಂದು ಹೇಳಿಕಳಿಸಿದರು. ಅಪ್ಪ ಒಪ್ಪಲಿಲ್ಲ. ಸೆರೆಯಲ್ಲಿರುವವರೆಲ್ಲ ನನ್ನ ಮಕ್ಕಳೇ, ಬಿಟ್ಟರೆ ಎಲ್ಲರನ್ನೂ ಬಿಡಿ ಅನ್ನುವ ಅರ್ಥದ ಉತ್ತರ ಹೋಯಿತು.

ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ತಲೆ ಎತ್ತದೆ ಕೇಳಿದಳು: "ಅಲ್ವೋ, ಆ ಹುಡುಗನ್ನ ಯಾರಾದ್ರೂ ಕೇಳಿದ್ರಾ?"

ಹುಡುಗನಂತೆ! 27 ವರ್ಷದ ಫ್ಲೈಟ್ ಲೆಫ್ಟಿನೆಂಟ್. ನಕ್ಕುಬಿಟ್ಟೆ. ಆದರೆ ರಾತ್ರಿಯೆಲ್ಲ ಅದೇ ಮಾತು. ಬೆನ್ನು ಹಿಡಿದುಕೊಂಡು ಪರದೇಶದಲ್ಲಿ ಮಲಗಿದ್ದವನು ಯಾರು, ಉತ್ತರ ಕೊಟ್ಟವರು ಯಾರು? ಪ್ರತಿ ಆಗಸ್ಟಿಗೂ ವಾಟ್ಸ್ಯಾಪಿನಲ್ಲಿ ಬರುವ ಈ ಕಥೆಯಲ್ಲಿ ಮಗನಿಗೆ ಒಂದು ಸಾಲೂ ಇರುವುದಿಲ್ಲ. ಅಪ್ಪನನ್ನು ಮಾತ್ರ ಆಗಲೇ ಫೀಲ್ಡ್ ಮಾರ್ಷಲ್ ಮಾಡಿರುತ್ತಾರೆ. ಆ ಪದವಿ ಬಂದದ್ದು 1986ರಲ್ಲಿ. 1965ರಲ್ಲಿ ಅವರು ನಿವೃತ್ತಿಯಾಗಿ 12 ವರ್ಷ ಕಳೆದಿದ್ದ ಜನರಲ್, ಅಷ್ಟೇ.

ಅಪ್ಪನದು ತಪ್ಪು ಅಂತ ನಾನು ಹೇಳುವುದಿಲ್ಲ. ಅಲ್ಲಿದ್ದ ಉಳಿದ ಕೈದಿಗಳ ಅಪ್ಪಂದಿರಿಗೆ ಅಯೂಬ್ ಖಾನ್ ಪರಿಚಯ ಇರಲಿಲ್ಲವಲ್ಲ. ಆದರೂ ಆ 'ಬೇಡ' ಅನ್ನುವ ಮಾತಿನ ಬೆಲೆ ತೆತ್ತದ್ದು ಮಗನ ಬೆನ್ನು. ತಿಂಗಳುಗಟ್ಟಲೆ ಸೆರೆ ಮುಗಿಸಿ ಬಂದು, ಹೆಲಿಕಾಪ್ಟರ್ ದಳವನ್ನೂ ಮುನ್ನಡೆಸಿ, ಏರ್ ಮಾರ್ಷಲ್ ಆಗಿ ನಿವೃತ್ತರಾದರು. ಇದನ್ನು ಸೇರಿಸು ಅಂದರೆ ಮಗಳು, "ಮೂರೇ ನಿಮಿಷ ಅಪ್ಪಾ" ಅಂದಳು. ಅಪ್ಪನ ಭಾಗವೇ ಉಳಿಯಿತು.

ಗುರುವಾರ ರಿಪೋರ್ಟ್ ತೋರಿಸಲು ಹೊರಟಾಗ ಅಮ್ಮ ನನ್ನ ಫೋನನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. ಟೋಕನ್ 58. ಮಂಡಿ ನೀವಿಕೊಳ್ಳುತ್ತಾ ಕೂತಳು. ನಾನೂ ಅವಳನ್ನು ಏನೂ ಕೇಳಲಿಲ್ಲ.