124 ಚೌಕ, 143 ಚೌಕ

ನಮ್ಮ ಸರ್ ಕಳೆದ ಆಟಿ ತಿಂಗಳಲ್ಲಿ ತೀರಿಕೊಂಡರು. ಮಂಗಳೂರಿನ ಆ ಮಳೆಯಲ್ಲೂ ಐದಾರು ಬ್ಯಾಚಿನವರು ಬಂದಿದ್ದರು. ಎಲ್ಲರ ಬಾಯಲ್ಲೂ, ಪ್ರೋಟೀನುಗಳನ್ನು ಹೋಲಿಸಲು ಸರ್ ಮಾಡಿಸುತ್ತಿದ್ದ ಕಾಗದದ ಪಟ್ಟಿಗಳದೇ ಮಾತು. ಸಿಲೆಬಸ್ಸಿನಲ್ಲಿ ಬೇರೇನಿತ್ತೆಂದು ಯಾರಿಗೂ ನೆನಪಿಲ್ಲ.

ಕರೆಂಟು ಹೋದರೆ ವಿಭಾಗದ ಒಂದೇ ಒಂದು ಕಂಪ್ಯೂಟರ್ ನಿಲ್ಲುತ್ತಿತ್ತು, ಪಾಠ ನಿಲ್ಲುತ್ತಿರಲಿಲ್ಲ. ಗ್ರಾಫ್ ಹಾಳೆಯನ್ನು ಒಂದು ಸೆಂಟಿಮೀಟರ್ ಅಗಲಕ್ಕೆ ಕತ್ತರಿಸಿ, ತುದಿಗೆ ತುದಿ ಅಂಟಿಸಿ, ಪ್ರೋಟೀನ್ ಸರಪಳಿಯ ಕೊಂಡಿಗಳಾದ ಅಮೈನೋ ಆಮ್ಲಗಳ ಅಕ್ಷರಗಳನ್ನು ಚೌಕಕ್ಕೊಂದರಂತೆ ಬರೆಸುತ್ತಿದ್ದರು. ಇ. ಕೋಲಿ ಬ್ಯಾಕ್ಟೀರಿಯಾದ ಎಸ್12 ಪ್ರೋಟೀನಿಗೆ 124 ಚೌಕ, ಮನುಷ್ಯನಲ್ಲಿರುವ ಅದರ ಸಂಬಂಧಿಕನಿಗೆ 143. ಕೋಶದಲ್ಲಿ ಪ್ರೋಟೀನ್ ತಯಾರಿಸುವ ಯಂತ್ರವಾದ ರೈಬೋಸೋಮಿನ ಸಣ್ಣ ಭಾಗದಲ್ಲಿ ಜೀನಿನ ಸಂಕೇತ ಓದುವ ಜಾಗಕ್ಕೆ ಒತ್ತಿಕೊಂಡೇ ಕೂರುವ ಪ್ರೋಟೀನ್ ಇದು. ಅಲ್ಲಿ ಎಡವಿದರೆ ಕೋಶ ತಯಾರಿಸುವ ಪ್ರತಿಯೊಂದು ಪ್ರೋಟೀನಿಗೂ ಪೆಟ್ಟು. ಹಾಗಾಗಿ ಬ್ಯಾಕ್ಟೀರಿಯಾದಿಂದ ಮನುಷ್ಯನವರೆಗೆ ಮುಖ್ಯ ಅಕ್ಷರಗಳು ಅಲ್ಲಾಡಿಲ್ಲ.

ಎರಡೂ ಪಟ್ಟಿಗಳನ್ನು ಮೊದಲ ಚೌಕದಿಂದ ಜೋಡಿಸಿದರೆ ಹೊಂದುವುದಿಲ್ಲ. ಮನುಷ್ಯನದನ್ನು 17 ಚೌಕ ಎಡಕ್ಕೆ ಸರಿಸಬೇಕು. ಆಗ ಇ. ಕೋಲಿಯ 45ರಿಂದ ‘ಪಿ ಎನ್ ಎಸ್ ಎ ಎಲ್ ಆರ್ ಕೆ’, ಕೆಳಗೆ ಮನುಷ್ಯನ 62ರಿಂದ ‘ಪಿ ಎನ್ ಎಸ್ ಎ ಐ ಆರ್ ಕೆ’. ಏಳರಲ್ಲಿ ಆರು ಒಂದೇ. ಬದಲಾದ ಒಂದೂ ಲ್ಯೂಸಿನ್ (ಎಲ್) ಜಾಗಕ್ಕೆ ಅದರ ದಾಯಾದಿ ಐಸೊಲ್ಯೂಸಿನ್ (ಐ). ಮುಂದೆ ಮತ್ತೆ ತಪ್ಪುತ್ತದೆ. ಇ. ಕೋಲಿ ಪಟ್ಟಿಗೆ ಎಂಟು ಖಾಲಿ ಚೌಕ ಸೇರಿಸಿದರಷ್ಟೇ 91ರ ‘ಪಿ ಜಿ ವಿ ಆರ್’ ಮನುಷ್ಯನ 116ಕ್ಕೆ ಬಂದು ಕೂರುವುದು. ಎಂಟನ್ನೂ ಎರಡು ಮೂರು ಕಡೆಗಿಂತ ಹೆಚ್ಚು ಹಂಚಲು ಸರ್ ಬಿಡುತ್ತಿರಲಿಲ್ಲ. ಸಿಕ್ಕಲ್ಲೆಲ್ಲ ಖಾಲಿ ಬಿಟ್ಟರೆ ಯಾವ ಪಟ್ಟಿಯೂ ಯಾವುದಕ್ಕೂ ಹೊಂದಿಬಿಡುತ್ತದೆ.

ಒಮ್ಮೆ ಹಿಂದಿನ ಬೆಂಚಿನ ಇಬ್ಬರು ಪಟ್ಟಿ ಬದಲಾಯಿಸಿ, ‘ಮನುಷ್ಯನ ಎಸ್12’ ಎಂಬ ಹೆಸರಿನದನ್ನೇ ಇಟ್ಟರು. ಸರ್ ಬಿಚ್ಚಿದರು, ಕೊನೆಯ ಚೌಕಕ್ಕೆ ಬೆರಳಿಟ್ಟರು. “ಎಂತ ಮಾರಾಯ, ಇದು 132ಕ್ಕೇ ಮುಗಿಯಿತಲ್ಲ?” ಬೈಯಲಿಲ್ಲ; ಅಂದಿನ ಪಾಠವೇ ಅದಾಯಿತು. ಮನುಷ್ಯನ ಎಸ್12 ಬೇರೆಯೇ ಮನೆತನದ್ದು, ಬ್ಯಾಕ್ಟೀರಿಯಾದ ರೈಬೋಸೋಮಿನಲ್ಲಿ ಇಲ್ಲ. ಇ. ಕೋಲಿಯ ಎಸ್12ಕ್ಕೆ ನಮ್ಮಲ್ಲಿರುವ ಜೋಡಿ ಎಸ್23. ಜೀವಿಗೊಂದರಂತೆ ಬೇರೆ ಬೇರೆಯಾಗಿ ನಂಬರ್ ಕೊಟ್ಟದ್ದರ ಫಲ ಈ ಗೊಂದಲ. 2014ರಲ್ಲಿ ಕುಟುಂಬದ ಹೆಸರುಗಳು ಬಂದು, ಎಲ್ಲ ಜೀವಿಗಳಲ್ಲೂ ಇರುವುದು ‘ಯುಎಸ್12’ ಆಯಿತು, ಇನ್ನೊಂದು ‘ಇಎಸ್12’.

ಎಣಿಕೆಯಲ್ಲೂ ಎಡವುವ ಜಾಗವಿದೆ. ಸ್ಟ್ರೆಪ್ಟೋಮೈಸಿನ್ ಔಷಧಿಗೆ ಬಗ್ಗದ ಕ್ಷಯದ ಬ್ಯಾಕ್ಟೀರಿಯಾದಲ್ಲಿ ಯುಎಸ್12 ಪ್ರೋಟೀನಿನ 43ನೆಯ ಲೈಸಿನ್ ಆರ್ಜಿನಿನ್ ಆಗಿರುವುದು ಹೆಚ್ಚು. ಹಳೆಯ ಇ. ಕೋಲಿ ಪ್ರಬಂಧಗಳಲ್ಲಿ ಅದೇ ಲೈಸಿನ್ 42, ಏಕೆಂದರೆ ಕೋಶದಲ್ಲಿ ಕಳಚಿಹೋಗುವ ಮೊದಲ ಚೌಕದ ಮೆಥಿಯೋನಿನನ್ನು ಅವರು ಲೆಕ್ಕಕ್ಕೆ ಹಿಡಿದಿಲ್ಲ.

ಈಗಿನ ಮಕ್ಕಳಿಗೆ ಗುಂಡಿ ಒತ್ತಿದರೆ ಬಣ್ಣಬಣ್ಣದ ಜೋಡಣೆ ಬರುತ್ತದೆ, ಒಳ್ಳೆಯದೇ. ಆದರೆ ನಡುವೆ ಖಾಲಿ ಚೌಕ ತೋರಿಸುವ ಅಡ್ಡಗೆರೆ ಅಲ್ಲೇ ಏಕೆ ಎಂದು ಕೇಳಿದರೆ “ಸಾಫ್ಟ್‌ವೇರ್ ಹಾಕಿದ್ದು” ಎನ್ನುತ್ತಾರೆ. ಸರ್ ಕೈಯಲ್ಲಿ ಕಲಿತವರು ಇವತ್ತಿಗೂ ಎಣಿಸದೆ ಒಪ್ಪುವುದಿಲ್ಲ. ಆ ಹೆಮ್ಮೆ ನಮಗಿದೆ.

ಪಟ್ಟಿಗಳು ವಿಭಾಗದ ಕಪಾಟಿನಲ್ಲಿ, ಬಿಸ್ಕತ್ತಿನ ಡಬ್ಬಿಯೊಳಗೆ ಇನ್ನೂ ಇವೆಯಂತೆ. ಮಳೆಗಾಲದ ಥಂಡಿಗೆ ಅಂಟು ಬಿಟ್ಟಿರಬಹುದು. ಮತ್ತೆ ಗೋಂದು ಹಚ್ಚುವವರು ಮೊದಲು ಚೌಕ ಎಣಿಸಿಕೊಳ್ಳಿ.