ಬರ್ಪೇಟಾದ ಕಾರ್ಡು, ಮೂಡಿಗೆರೆಯ ಅಕ್ಕಿ

ನಮ್ಮ ತೋಟ ಮೂಡಿಗೆರೆಯಿಂದ ಸ್ವಲ್ಪ ಒಳಗೆ. ರೋಬಸ್ಟಾ ಕಾಫಿ ಹಣ್ಣು ಕುಯ್ಯುವ ಹೊತ್ತಿಗೆ ಆಳುಗಳ ಲೈನ್ ಮನೆಗಳು ತುಂಬುತ್ತವೆ. ಅಪ್ಪನ ಕಾಲದಲ್ಲಿ ಕಡೂರು, ಅರಸೀಕೆರೆ ಕಡೆಯಿಂದ ಜನ ಬರುತ್ತಿದ್ದರು. ಅಲ್ಲಿ ಮಳೆ ಕೈಕೊಟ್ಟ ವರ್ಷ ಇಲ್ಲಿ ಆಳು ಜಾಸ್ತಿ. ಈಗ ಬರುವವರಲ್ಲಿ ಅಸ್ಸಾಮಿನವರೇ ಹೆಚ್ಚು. ಅವರಲ್ಲಿ ಕೆಲವರನ್ನು ಊರು ಬಿಡಿಸಿದ್ದು ಬರ ಅಲ್ಲ, ನೀರು.

ಈ ಸಲ ಅಸ್ಸಾಮಿನ ಬರ್ಪೇಟಾ ಕಡೆಯ ಗಂಡ ಹೆಂಡತಿ ಬಂದಿದ್ದರು, ಜೊತೆಗೊಬ್ಬ ಏಳು ವರ್ಷದ ಮಗ. ಹೊಳೆ ಮೊದಲು ಗದ್ದೆ ತೆಗೆದುಕೊಂಡಿತಂತೆ, ಆಮೇಲೆ ಮನೆ. ನೆರೆ ಇಳಿದರೆ ನೆಲವಾದರೂ ಸಿಗುತ್ತದೆ. ಕೊರೆತ ಹಾಗಲ್ಲ, ದಡವೇ ಹೋಗಿಬಿಡುತ್ತದೆ. 1950ರಿಂದೀಚೆಗೆ ಅಸ್ಸಾಂ ಹೀಗೆ ಕಳೆದುಕೊಂಡ ನೆಲ 4.27 ಲಕ್ಷ ಹೆಕ್ಟೇರ್ ಎನ್ನುತ್ತದೆ ಅಲ್ಲಿನ ಸರ್ಕಾರದ ಲೆಕ್ಕ. ಇಂಥವರ ಪುನರ್ವಸತಿಗೆ ಅಂತಲೇ 15ನೇ ಹಣಕಾಸು ಆಯೋಗ 1,000 ಕೋಟಿ ರೂಪಾಯಿ ಶಿಫಾರಸು ಮಾಡಿತ್ತು. ಅದನ್ನು ಹೇಳಿದಾಗ ಆ ಹೆಂಗಸು ನಕ್ಕಳು ಅಷ್ಟೇ.

ಅವಳಿಗೆ ಬೇಕಾಗಿದ್ದು ಅಕ್ಕಿ. ಅಂಗಡಿಯಲ್ಲಿ ಕೊಂಡು ತಿಂದರೆ ಕೂಲಿಯಲ್ಲಿ ಊರಿಗೆ ಕಳಿಸಲು ಏನು ಉಳಿಯುತ್ತದೆ? ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿದ್ದ ರೇಷನ್ ಕಾರ್ಡ್ ತೋರಿಸಿದಳು. ಒಂದು ಶನಿವಾರ ಇಬ್ಬರನ್ನೂ ಜೀಪಿನಲ್ಲಿ ಹತ್ತಿಸಿಕೊಂಡು ನ್ಯಾಯಬೆಲೆ ಅಂಗಡಿಗೆ ಹೋದೆ.

'ಇದು ನಮ್ಮ ರಾಜ್ಯದ್ದಲ್ಲ ಸಾರ್, ಬರಲ್ಲ' ಎಂದ ಅಂಗಡಿಯವನು, ಕಾರ್ಡ್ ಮುಟ್ಟದೆಯೇ. ಒಂದು ದೇಶ ಒಂದು ರೇಷನ್ ಕಾರ್ಡ್ ವ್ಯವಸ್ಥೆಗೆ ಎಲ್ಲರಿಗಿಂತ ಕೊನೆಗೆ ಸೇರಿದ ರಾಜ್ಯ ಅಸ್ಸಾಂ, 2022ರ ಜೂನ್‌ನಲ್ಲಿ. ಅಂದಮೇಲೆ ಈ ಕಾರ್ಡ್ ಇಲ್ಲಿ ನಡೆಯಲೇಬೇಕು. ನಂಬರ್ ಒಮ್ಮೆ ಹೊಡೆದು ನೋಡಿ ಎಂದೆ. ಕ್ಯೂನಲ್ಲಿದ್ದ ಒಬ್ಬರು 'ಎಲ್ಲಿಂದ ಬಂದವರೋ ಏನೋ' ಎಂದು ನನಗೆ ಕೇಳಿಸುವ ಹಾಗೇ ಗೊಣಗಿದರು. ಈ ಮಾತು ಈಗ ಇಲ್ಲಿ ಮಾಮೂಲು. ಅದೇ ಜನ ಹಣ್ಣು ಉದುರುವ ಹೊತ್ತಿಗೆ 'ಆಳು ಇದ್ದರೆ ಹೇಳಿ' ಎಂದು ಫೋನ್ ಮಾಡುತ್ತಾರೆ, ಅದು ಬೇರೆ ವಿಷಯ.

ನಂಬರ್ ಹೊಡೆದದ್ದೇ ಯಂತ್ರದಲ್ಲಿ ಹೆಸರುಗಳು ಬಂದವು. ಊರಲ್ಲಿರುವ ಅತ್ತೆಯೂ ಸೇರಿ ನಾಲ್ಕು. ಇನ್ನು ಬೆರಳಚ್ಚು. ಗಂಡನ ಹೆಬ್ಬೆರಳು ಹಿಡಿಯಲಿಲ್ಲ, ತೋರುಬೆರಳೂ ಇಲ್ಲ. ದಿನವಿಡೀ ಹಣ್ಣು ಎಳೆಯುವ ಕೈಯಲ್ಲಿ ಗೆರೆ ಎಲ್ಲಿ ಉಳಿದಿರುತ್ತದೆ? ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡು ಒತ್ತಿದಳು. ಹಿಡಿಯಿತು.

ತಲೆಗೆ 5 ಕಿಲೋದಂತೆ 20 ಕಿಲೋ ಪುಕ್ಕಟೆ. ರಾಜ್ಯ ತನ್ನ ಕಡೆಯಿಂದ ಸೇರಿಸುವ ಪಾಲು ಇಲ್ಲಿನ ಕಾರ್ಡಿಗೆ ಮಾತ್ರ. ಅವಳು 15 ಕಿಲೋ ಸಾಕು ಎಂದಳು. ಉಳಿದ 5 ಕಿಲೋವನ್ನು ಅತ್ತೆ ಅಲ್ಲೇ ಎತ್ತಿಕೊಳ್ಳಬಹುದು. ಒಂದೇ ಕಾರ್ಡು, ಎರಡು ಊರಲ್ಲಿ ಅಕ್ಕಿ. ಅಂಗಡಿಯವನೂ ಯಂತ್ರವನ್ನು ಕುತೂಹಲದಿಂದ ನೋಡಿದ.

2010ರಲ್ಲಿ ಕಾನ್‌ಕೂನ್ ಹವಾಮಾನ ಸಮಾವೇಶದಲ್ಲಿ ದೇಶಗಳೆಲ್ಲ ಸೇರಿ, ಹವಾಮಾನ ಬದಲಾವಣೆಗೆ ಹೊಂದಿಕೊಳ್ಳುವ ಕೆಲಸಗಳಲ್ಲಿ ವಲಸೆಯ ವಿಚಾರವನ್ನೂ ಸೇರಿಸಿದವು. ಮನೆ ಹೊಳೆಗೆ ಹೋದವಳನ್ನು 'ಹೊಂದಿಕೊಂಡಳು' ಅನ್ನಲು ನನಗೆ ಬಾಯಿ ಬರಲ್ಲ. ಆದರೆ ಅವಳ ಹಿಂದೆ ಕಾರ್ಡೂ ಬಂದಾಗ ಆ ಮಾತಿಗೆ ಸ್ವಲ್ಪ ಅರ್ಥ ಬರುತ್ತದೆ. ನಮ್ಮ ತಾಲ್ಲೂಕಿನವರಿಗೆ ಇದು ದೂರದ ಮಾತೇನಲ್ಲ. 2019ರ ಆಗಸ್ಟ್ ಮಳೆಗೆ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಜಾರಿ ಮನೆ, ತೋಟ ಎಲ್ಲ ಹೋಯಿತು. ಪಕ್ಕದಲ್ಲೇ ಬೇರೆ ಜಾಗಕ್ಕಾಗಿ ಆ ಕುಟುಂಬಗಳು ವರ್ಷಗಟ್ಟಲೆ ಅಲೆದವು.

ವಾಪಸ್ ಬರುವಾಗ ಜೀಪಿನಲ್ಲಿ ಅವಳು ಮಗನ ಶಾಲೆ ವಿಷಯ ಎತ್ತಿದಳು. ಟಿಸಿ ಇಲ್ಲ ಎಂದು ಸೇರಿಸಿಕೊಳ್ಳದೆ ಇರುವಂತಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಅದು ಇದೆ. ಸೋಮವಾರ ಹೋಗಿ ಕೇಳೋಣ ಎಂದೆ. 'ಮಾರ್ಚ್‌ಗೆ ಕುಯ್ಲು ಮುಗಿದರೆ ಎಲ್ಲಿಗೋ' ಎಂದು ಹಿಂದಿನ ಸೀಟಿನಿಂದ ಗಂಡ ಹಿಂದಿಯಲ್ಲಿ ಹೇಳಿದ. ಅವಳು ಅವನ ಕಡೆ ತಿರುಗಲೂ ಇಲ್ಲ. ಸೋಮವಾರ ಎಷ್ಟು ಗಂಟೆಗೆ ಎಂದು ನನ್ನನ್ನು ಕೇಳಿದಳು.