ಡೋಟಾ 2 ಐಟಂ ನೋಟ್‌ಬುಕ್: ಎಂಟು ವಾರದ ಲೆಕ್ಕ

ತಮ್ಮ ಮೈಸೂರಿನಲ್ಲಿದ್ದಾನೆ, ನಾನು ಬೆಂಗಳೂರಿನಲ್ಲಿ. ವಾರಕ್ಕೆ ನಾಲ್ಕು ರಾತ್ರಿ ಊಟ ಮುಗಿಸಿ ಹತ್ತು ಗಂಟೆಗೆ ಇಬ್ಬರೂ ಡೋಟಾ 2 ತೆರೆಯುತ್ತೇವೆ, ಎರಡು ತಂಡಗಳು ಆನ್‌ಲೈನ್‌ನಲ್ಲಿ ಹೋರಾಡುವ ಕಂಪ್ಯೂಟರ್ ಆಟ. ಅವನು ಕ್ಯಾರಿ (ಗೋಲ್ಡ್ ಕೂಡಿಸಿ ಕೊನೆಗೆ ಪಂದ್ಯ ಗೆಲ್ಲಿಸಬೇಕಾದವನು), ನಾನು ಸಪೋರ್ಟ್ (ಅವನನ್ನು ಕಾಯುವವಳು). ಅವನ ಕಾಲೇಜಿನ ಗೆಳೆಯ ಮಿಡ್, ಅಂದರೆ ಮ್ಯಾಪ್‌ನ ನಡುವಿನ ದಾರಿಯಲ್ಲಿ, ಆಡುತ್ತಾನೆ. ಉಳಿದ ಇಬ್ಬರು ಆ ಹೊತ್ತಿಗೆ ಯಾರು ಸಿಗುತ್ತಾರೋ ಅವರು.

ಎಂಟು ವಾರದ ಹಿಂದಿನವರೆಗೂ ಆಟದೊಳಗೇ ಸಿಗುವ ಗೈಡ್ ತೆರೆದಿಟ್ಟು, ಮೇಲಿಂದ ಕೆಳಗೆ ಒಂದೊಂದೇ ಐಟಂ, ಅಂದರೆ ನಾನು ಆಡಿಸುವ ಹೀರೋಗೆ ಆಟದ ಗೋಲ್ಡ್‌ನಿಂದ ತರುವ ಸಾಮಾನು, ಕೊಳ್ಳುತ್ತಾ ಹೋಗುತ್ತಿದ್ದೆ. ಎದುರಿಗೆ ಯಾರೇ ಇರಲಿ, ಅದೇ ಪಟ್ಟಿ. ಒಂದು ರಾತ್ರಿ ಒಬ್ಬನೇ ಎದುರಾಳಿಯ ಕೈಯಲ್ಲಿ ಆರು ಸಲ ಸತ್ತೆ. ಆಗ ತಮ್ಮ ಕೇಳಿದ: "ಅಕ್ಕ, ಅವನು ನಿನ್ನನ್ನ ಹೇಗೆ ಸಾಯಿಸ್ತಿದಾನೆ ಅಂತ ನೋಡಿದ್ಯಾ? ಅದಕ್ಕೆ ಏನು ತಗೊಂಡಿದೀಯ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮರುದಿನ ಇನ್ನೂರು ಪುಟದ ನೋಟ್‌ಬುಕ್ ತಂದೆ.

ಪುಟಕ್ಕೆ ಮೂರು ಕಾಲಂ. ಯಾವುದರಿಂದ ಸತ್ತೆ, ಆಗ ಕೈಯಲ್ಲಿ ಎಷ್ಟು ಗೋಲ್ಡ್ ಇತ್ತು, ಆಮೇಲೆ ಏನು ಕೊಂಡೆ. ಪಂದ್ಯ ಮುಗಿದ ಮೇಲೆ ರಿಪ್ಲೇ ನೋಡಿ ತುಂಬುತ್ತೇನೆ. ಬೆಲೆಗಳನ್ನು ಮಾತ್ರ ಪೆನ್ಸಿಲ್‌ನಲ್ಲಿ ಬರೆಯುತ್ತೇನೆ, ಯಾಕಂದ್ರೆ ಆಟಕ್ಕೆ ಹೊಸ ಪ್ಯಾಚ್ (ಅಪ್‌ಡೇಟ್) ಬಂದರೆ ಅಂಕಿ ಬದಲಾಗುತ್ತೆ. ಇಲ್ಲಿರುವ ಬೆಲೆಗಳು ನಾವು ಆಡಿದ ಪ್ಯಾಚ್‌ನವು.

ಹೊಸಬರಿಗೆ ಒಂದೇ ಮಾತು. ತಂಡದಲ್ಲಿ ಐದು ಜನ, 1ರಿಂದ 5ರವರೆಗೆ ಪೊಸಿಷನ್. ನಂಬರ್ ಹೇಳುವುದು ಗೋಲ್ಡ್ ಯಾರಿಗೆ ಮೊದಲು ಅಂತ. ಮ್ಯಾಪ್‌ನಲ್ಲಿರುವ ಕ್ರೀಪ್‌ಗಳ (ಕೊಂದರೆ ಗೋಲ್ಡ್ ಕೊಡುವ ಸಣ್ಣ ಜೀವಿಗಳ) ಮೇಲೆ ಪೊಸಿಷನ್ 1ಕ್ಕೆ ಮೊದಲ ಹಕ್ಕು, 5ಕ್ಕೆ ಕೊನೆಯ ಹಕ್ಕು. ಬಿಲ್ಡ್, ಅಂದರೆ ಯಾವ ಐಟಂ ಯಾವಾಗ ಅನ್ನುವ ಯೋಜನೆ, ಶುರುವಾಗುವುದೇ ಇಲ್ಲಿಂದ. ನನ್ನ ಪಾತ್ರಕ್ಕೆ ಎಷ್ಟು ಗೋಲ್ಡ್ ಯಾವಾಗ ಬರುತ್ತೆ ಅಂತ ಗೊತ್ತಿಲ್ಲದೆ ಒಳ್ಳೆ ಐಟಂ ಯಾವುದು ಅಂತ ಕೇಳಿ ಪ್ರಯೋಜನ ಇಲ್ಲ.

ವಾರ 1 ಮತ್ತು 2: ಪೊಸಿಷನ್ 5, ಕ್ರಿಸ್ಟಲ್ ಮೇಡನ್

ಮೊದಲು ನನ್ನದೇ ಪಾತ್ರ ಹಿಡಿದೆ. ಕ್ರಿಸ್ಟಲ್ ಮೇಡನ್ ಅನ್ನುವ ಹೀರೋ ನಿಧಾನಕ್ಕೆ ನಡೆಯುತ್ತಾಳೆ, ಜೀವ ಕಡಿಮೆ, ಓಡಿ ತಪ್ಪಿಸಿಕೊಳ್ಳುವ ದಾರಿ ಇಲ್ಲ. ಎರಡು ವಾರದಲ್ಲಿ 19 ಪಂದ್ಯ ಆಡಿದೆ. ನೋಟ್‌ಬುಕ್‌ನ ಎರಡನೇ ಕಾಲಂ ನೋಡಿ ಬೇಜಾರಾಯಿತು. ಸತ್ತಾಗಲೆಲ್ಲ ಕೈಯಲ್ಲಿ 700, 900, ಒಂದು ಸಲ 1,600 ಗೋಲ್ಡ್. ದೊಡ್ಡ ಐಟಂಗೆ ಅಂತ ಕೂಡಿಡುತ್ತಿದ್ದೆ. ಸತ್ತರೆ ಕೂಡಿಟ್ಟದ್ದರಲ್ಲಿ ಒಂದಿಷ್ಟು ಹೋಗುತ್ತೆ. ಅಂದರೆ ಇಲ್ಲದ ಐಟಂಗಾಗಿ ಸತ್ತು, ಆ ಐಟಂ ಇನ್ನೂ ದೂರ ಹೋಗುತ್ತಿತ್ತು.

ಆಗಲೇ ಮ್ಯಾಜಿಕ್ ಸ್ಟಿಕ್‌ನ ಬೆಲೆ ಅರ್ಥವಾಗಿದ್ದು. ಬರೀ 200 ಗೋಲ್ಡ್. ಹತ್ತಿರ ಕಣ್ಣಿಗೆ ಕಾಣುವ ಎದುರಾಳಿ ಒಂದು ಸ್ಪೆಲ್ ಬಳಸಿದರೆ ಒಂದು ಚಾರ್ಜ್ ತುಂಬುತ್ತೆ. ಸ್ಟಿಕ್‌ನಲ್ಲಿ 10 ಚಾರ್ಜ್ ಹಿಡಿಯುತ್ತೆ. ಅದನ್ನೇ 450 ಗೋಲ್ಡ್‌ನ ಮ್ಯಾಜಿಕ್ ವ್ಯಾಂಡ್ ಮಾಡಿಕೊಂಡರೆ 20. ಒಂದು ಚಾರ್ಜ್‌ಗೆ 15 ಜೀವ, 15 ಮಾನಾ (ಸ್ಪೆಲ್ ಹಾಕಲು ಬೇಕಾದ ಶಕ್ತಿ). ತುಂಬಿದ ವ್ಯಾಂಡ್ ಒತ್ತಿದರೆ ಆ ಕ್ಷಣದಲ್ಲೇ 300 ಜೀವ ವಾಪಸ್. ಮೊದಮೊದಲ ಲೆವೆಲ್‌ಗಳಲ್ಲಿ ಮೇಡನ್‌ಗೆ ಅದು ಹೆಚ್ಚೂಕಡಿಮೆ ಅರ್ಧ ಜೀವ! ನಮ್ಮ ಲೇನ್‌ನಲ್ಲಿ (ಮ್ಯಾಪ್‌ನ ಮೂರು ದಾರಿಗಳಲ್ಲಿ ಒಂದು) ಎದುರಿಗೆ ಬ್ರಿಸಲ್‌ಬ್ಯಾಕ್ ಇದ್ದರಂತೂ ಮೊದಲ ಕೊಳ್ಳುವಿಕೆಯೇ ಇದು. ಅವನು ಮುಳ್ಳು ಹಾರಿಸುತ್ತಲೇ ಇರುತ್ತಾನೆ, ನಮ್ಮ ಸ್ಟಿಕ್ ತುಂಬುತ್ತಲೇ ಇರುತ್ತೆ. ಝೂಸ್ ಇದ್ದರೂ ಹಾಗೇ.

ನೆಟ್ಟ ಜಾಗದ ಸುತ್ತ ಕಾಣುವಂತೆ ಮಾಡುವ ಅಬ್ಸರ್ವರ್ ವಾರ್ಡ್ ಪುಕ್ಕಟೆ, ಆರು ನಿಮಿಷ ಇರುತ್ತೆ. ಮಾಯವಾದದ್ದನ್ನು ತೋರಿಸುವ ಸೆಂಟ್ರಿ ವಾರ್ಡ್ ತಲಾ 50. ಈ 50 ಗೋಲ್ಡ್‌ಗಳು ಕಣ್ಣಿಗೆ ಕಾಣಲ್ಲ, ಆದರೆ ಒಂದು ಪಂದ್ಯದಲ್ಲಿ ಕೂಡಿಸಿ ನೋಡಿದಾಗ 1,100 ಆಗಿತ್ತು. ಹಾಗಾಗಿ ಪೊಸಿಷನ್ 5ರ ಬಿಲ್ಡ್ ಬರೆಯುವಾಗ ಈಗ ಮೊದಲು ಸೆಂಟ್ರಿ ಖರ್ಚು ತೆಗೆದಿಟ್ಟು ಆಮೇಲೆ ಉಳಿದದ್ದರ ಲೆಕ್ಕ ಹಾಕುತ್ತೇನೆ. ಮನೆ ಬಾಡಿಗೆ ತೆಗೆದಿಟ್ಟು ಸಾಮಾನಿನ ಪಟ್ಟಿ ಬರೆದ ಹಾಗೆ.

ಇನ್ನೊಂದು ಸಣ್ಣ ಪಾಠ. 2016ರ ಡಿಸೆಂಬರ್‌ನಲ್ಲಿ ಬಂದ 7.00 ಪ್ಯಾಚ್‌ನಿಂದ ಬ್ಯಾಕ್‌ಪ್ಯಾಕ್ ಸಿಕ್ಕಿದೆ, ಐಟಂ ಇಡುವ ಆರು ಜಾಗದ ಜೊತೆಗೆ ಇನ್ನೂ ಮೂರು. ಆದರೆ ಬ್ಯಾಕ್‌ಪ್ಯಾಕ್‌ನಿಂದ ಮೇಲಕ್ಕೆ ಎಳೆದ ಐಟಂ ಆರು ಸೆಕೆಂಡ್ ಕೆಲಸ ಮಾಡಲ್ಲ. ಮಾಯವಾಗುವ ಹೀರೋನನ್ನು ಕಾಣಿಸುವಂತೆ ಮಾಡೋಕೆ ಅಂತ ತಂದ ಡಸ್ಟ್ ಬ್ಯಾಕ್‌ಪ್ಯಾಕ್‌ನಲ್ಲಿತ್ತು. ಅವನು ಬಂದು, ತಮ್ಮನನ್ನು ಕೊಂದು, ಹೋಗುವಷ್ಟರಲ್ಲಿ ಆರು ಸೆಕೆಂಡ್ ಮುಗಿದಿರಲಿಲ್ಲ. ಆ ಪುಟದಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿದ್ದೇನೆ: ಡಸ್ಟ್ ಯಾವಾಗಲೂ ಮೇಲಿನ ಸಾಲಿನಲ್ಲಿ.

ವಾರ 3: ಫೋರ್ಸ್ ಸ್ಟಾಫ್

ಈ ವಾರ ಪೂರ್ತಿ ಒಂದೇ ಐಟಂಗೆ ಕೊಟ್ಟೆ. ಕೊಟ್ಟಿದ್ದಕ್ಕೆ ಖುಷಿ ಇದೆ.

ಕಾರಣ ಒಂದು ಪಂದ್ಯ. ತಮ್ಮ ಡ್ರೋ ರೇಂಜರ್ ಆಡುತ್ತಿದ್ದ. ಎದುರಿಗೆ ಕ್ಲಾಕ್‌ವರ್ಕ್. ಅವನು ದೂರದಿಂದ ಕೊಕ್ಕೆ ಎಸೆದು ಬಂದು, ಸುತ್ತ ಹಲ್ಲಿನ ಚಕ್ರಗಳ ಬೇಲಿ ಹಾಕಿ, ಒಳಗೆ ಇಬ್ಬರೇ ಇರುವಂತೆ ಮಾಡುತ್ತಾನೆ. ಡ್ರೋ ದೂರದಿಂದ ಬಾಣ ಬಿಡುವವಳು, ಮೈಮೇಲೆ ಬಂದರೆ ಮುಗೀತು. ನಾನು ಬೇಲಿಯ ಹೊರಗೆ ನಿಂತು ನೋಡುತ್ತಿದ್ದೆ. ನನ್ನ ಹತ್ತಿರ ಇದ್ದದ್ದು ಗೈಡ್ ಹೇಳಿದ ಐಟಂ, ಅದರಿಂದ ಅಲ್ಲಿ ಏನೂ ಆಗುವಂತಿರಲಿಲ್ಲ. ನಾಲ್ಕು ಸಲ ಹೀಗೇ ಆಯಿತು.

ಫೋರ್ಸ್ ಸ್ಟಾಫ್‌ಗೆ 2,200 ಗೋಲ್ಡ್. ಸ್ಟಾಫ್ ಆಫ್ ವಿಝರ್ಡ್ರಿ 1,000, ಫ್ಲಫಿ ಹ್ಯಾಟ್ 250, ಇವನ್ನು ಜೋಡಿಸುವ ರೆಸಿಪಿ 950. ಅದನ್ನು ಯಾರ ಮೇಲೆ ಹಾಕಿದರೂ ಅವರನ್ನು 600 ಅಳತೆ ಮುಂದಕ್ಕೆ ತಳ್ಳುತ್ತೆ. ಕ್ಲಾಕ್‌ವರ್ಕ್‌ನ ಬೇಲಿಯಿಂದಲೂ ಆಚೆ ತಳ್ಳುತ್ತೆ. ಆದರೆ ತಳ್ಳುವುದು ಆ ಹೀರೋ ಮುಖ ಮಾಡಿದ ದಿಕ್ಕಿಗೆ. ಇದು ನನಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಫೋರ್ಸ್ ಕೊಂಡ ಮೊದಲ ಪಂದ್ಯದಲ್ಲಿ ತಮ್ಮ ಕ್ಲಾಕ್‌ವರ್ಕ್ ಕಡೆ ತಿರುಗಿ ಬಾಣ ಬಿಡುತ್ತಿದ್ದ. ನಾನು ಫೋರ್ಸ್ ಒತ್ತಿದೆ. ಬೇಲಿ ದಾಟಿದ ನಿಜ, ಆದರೆ ನೇರ ಎದುರಾಳಿ ತಂಡದ ನಡುವೆ ಹೋಗಿ ಬಿದ್ದ.

ಮಾರನೇ ದಿನ ಮೂವರೂ ಪ್ರೈವೇಟ್ ಲಾಬಿ (ನಾವಷ್ಟೇ ಇರುವ ಅಭ್ಯಾಸದ ಪಂದ್ಯ) ಮಾಡಿದೆವು. ಚೀಟ್ ಆನ್ ಮಾಡಿ ಗೋಲ್ಡ್, ಲೆವೆಲ್ ತುಂಬಿಸಿಕೊಂಡು, ಮಿಡ್ ಆಡುವವನನ್ನು ಕ್ಲಾಕ್‌ವರ್ಕ್ ಮಾಡಿದೆವು. ತಮ್ಮ ಬೇಲಿಯೊಳಗೆ, ನಾನು ಹೊರಗೆ. ಅವನು "ತಿರುಗಿದೆ" ಅಂದ ಕೂಡಲೇ ನಾನು ಒತ್ತಬೇಕು. ಮೊದಮೊದಲು ಅವನು ಹೇಳುವಷ್ಟರಲ್ಲಿ ತಡವಾಗುತ್ತಿತ್ತು. ಆಮೇಲೆ ಮಾತು ಬಿಟ್ಟೆವು. ಬೇಲಿ ಬಿದ್ದರೆ ಅವನು ನನ್ನ ಕಡೆ ಮುಖ ಮಾಡುತ್ತಾನೆ ಅಂತ ಒಪ್ಪಂದ. ನಾನು ಅವನ ಹೀರೋನ ಬಿಲ್ಲು ಯಾವ ಕಡೆ ತಿರುಗಿದೆ ಅಂತ ಅಷ್ಟೇ ನೋಡುತ್ತೇನೆ. ಮುಕ್ಕಾಲು ಗಂಟೆ ಇದನ್ನೇ ಮಾಡಿದೆವು. ಅದಾಗಿ ಎರಡು ದಿನಕ್ಕೆ ನಿಜವಾದ ಪಂದ್ಯದಲ್ಲಿ ಕೊಕ್ಕೆ ಬಂತು, ಬೇಲಿ ಬಿತ್ತು, ಬಿಲ್ಲು ನನ್ನ ಕಡೆ ತಿರುಗಿತು, ಒತ್ತಿದೆ. ತಮ್ಮ ಹೊರಗೆ, ಕ್ಲಾಕ್‌ವರ್ಕ್ ತನ್ನದೇ ಬೇಲಿಯೊಳಗೆ ಒಬ್ಬನೇ. ಹೆಡ್‌ಸೆಟ್‌ನಲ್ಲಿ ತಮ್ಮ ಕೂಗಿದ ಕೂಗಿಗೆ ಅವನ ರೂಮ್‌ಮೇಟ್ ಎದ್ದು ಬಂದನಂತೆ.

ಐಟಂ ಕೊಂಡರೆ ಅರ್ಧ ಬಿಲ್ಡ್, ಅದನ್ನು ಯಾರ ಜೊತೆ ಹೇಗೆ ಬಳಸುತ್ತೇವೆ ಅಂತ ಮಾತಾಡಿಕೊಂಡರೆ ಪೂರ್ತಿ ಬಿಲ್ಡ್. ಗೈಡ್‌ನಲ್ಲಿ ಈ ಎರಡನೇ ಅರ್ಧ ಇರಲ್ಲ, ಇರೋಕೆ ಸಾಧ್ಯವೂ ಇಲ್ಲ.

ವಾರ 4 ಮತ್ತು 5: ಪೊಸಿಷನ್ 3, ಆಕ್ಸ್

ಪೊಸಿಷನ್ 3 ಆಡುವ ಆಫ್‌ಲೇನ್‌ನಲ್ಲಿ ಕೆಲಸವೇ ಬೇರೆ. ಮೊದಲು ನುಗ್ಗಬೇಕು, ಎಲ್ಲರ ಏಟು ತಿನ್ನಬೇಕು. ಆಕ್ಸ್‌ಗೆ ಬ್ಲಿಂಕ್ ಡ್ಯಾಗರ್ ಬೇಕು ಅಂತ ಎಲ್ಲರಿಗೂ ಗೊತ್ತು. 1,200 ಅಳತೆ ದೂರ ಹಾರಿ, ನಡುವೆ ನಿಂತು ಕೂಗಿದರೆ ಸುತ್ತ ಇದ್ದವರೆಲ್ಲ ಅವನನ್ನೇ ಹೊಡೆಯಬೇಕಾಗುತ್ತೆ.

ಬ್ಲಿಂಕ್‌ನ ತೊಂದರೆ ಅಂದರೆ ಅದಕ್ಕೆ ಬಿಡಿಭಾಗ ಇಲ್ಲ. 2,250 ಗೋಲ್ಡ್ ಒಟ್ಟಿಗೆ ಕೊಡಬೇಕು. ಫೋರ್ಸ್ ಸ್ಟಾಫ್ ಆದರೆ ತುಂಡು ತುಂಡಾಗಿ ಕೊಂಡು, ಅರ್ಧ ದಾರಿಯಲ್ಲೂ ಸ್ವಲ್ಪ ಉಪಯೋಗ ಪಡೆಯಬಹುದು. ಬ್ಲಿಂಕ್‌ನಲ್ಲಿ 2,200 ಇದ್ದರೂ ಕೈ ಖಾಲಿ. ಹಾಗಾಗಿ 1,800 ದಾಟಿದ ಮೇಲೆ ನಾನು ಜಗಳಕ್ಕೆ ಹೋಗುವುದನ್ನೇ ನಿಲ್ಲಿಸಿದೆ. ಎರಡು ಕ್ರೀಪ್ ಕ್ಯಾಂಪ್ ಹೊಡೆದು, ಐಟಂ ತಂದು, ಆಮೇಲೆ ಬರುತ್ತೇನೆ. ಬ್ಲಿಂಕ್ ಬಂದ ನಿಮಿಷವನ್ನು ಪ್ರತಿ ಪಂದ್ಯದಲ್ಲೂ ಬರೆದಿಟ್ಟೆ: 19, 17, 18, 15, 16, 13. ಮೊದಲ ಮೂರರಲ್ಲಿ ಏಟು ತಡೆಯುವ ವ್ಯಾನ್‌ಗಾರ್ಡ್ ಮೊದಲು ಕೊಂಡಿದ್ದೆ. ಲೇನ್ ಕಷ್ಟ ಇದ್ದಾಗ ಅದು ತಪ್ಪಲ್ಲ. ಆದರೆ ನನ್ನ ಪಂದ್ಯಗಳಲ್ಲಿ ಲೇನ್ ಚೆನ್ನಾಗಿದ್ದಾಗಲೂ ಸುಮ್ನೆ ಅಭ್ಯಾಸಕ್ಕೆ ಕೊಳ್ಳುತ್ತಿದ್ದೆ. 13ನೇ ನಿಮಿಷದ ಬ್ಲಿಂಕ್ ಮತ್ತು 19ನೇ ನಿಮಿಷದ ಬ್ಲಿಂಕ್ ಹೆಸರಿಗೆ ಮಾತ್ರ ಒಂದೇ ಐಟಂ. 13ಕ್ಕೆ ಬಂದರೆ ಎದುರಾಳಿ ಸಪೋರ್ಟ್ ಹತ್ತಿರ ಇನ್ನೂ ಏನೂ ಇರಲ್ಲ. 19ಕ್ಕೆ ಅವರ ಕೈಯಲ್ಲೂ ಒಂದು ಫೋರ್ಸ್ ಸ್ಟಾಫ್ ಇರುತ್ತೆ, ಅಲ್ವಾ?

ವೆನಮ್ಯಾನ್ಸರ್ ಎದುರಿಗಿದ್ದಾಗ ಇನ್ನೊಂದು ಕಲಿತೆ. ಎದುರಾಳಿ ಹೀರೋನಿಂದ ಏಟು ಬಿದ್ದರೆ ಬ್ಲಿಂಕ್ ಮೂರು ಸೆಕೆಂಡ್ ಬಂದ್. ವೆನಮ್ಯಾನ್ಸರ್‌ನ ವಿಷ ಮೈಮೇಲೆ ಇದ್ದಷ್ಟು ಹೊತ್ತೂ ಸಣ್ಣ ಸಣ್ಣ ಏಟು ಬೀಳುತ್ತಲೇ ಇರುತ್ತೆ, ಡ್ಯಾಗರ್ ಮೇಲಿನ ಮೂರು ಸೆಕೆಂಡ್ ಮತ್ತೆ ಮತ್ತೆ ಶುರುವಾಗುತ್ತೆ. ಆ ಪಂದ್ಯದಲ್ಲಿ ಕೆಲಸಕ್ಕೆ ಬಂದದ್ದು ಸ್ವಲ್ಪ ಹೊತ್ತು ಎದುರಾಳಿ ಕಣ್ಣಿಗೆ ಬೀಳದಂತೆ ಮರೆಮಾಡುವ 50 ಗೋಲ್ಡ್‌ನ ಸ್ಮೋಕ್. ಕಾಣಿಸಿಕೊಳ್ಳುವ ಮೊದಲೇ ಹಾರಬೇಕು, ಅಷ್ಟೇ. ಎರಡನೇ ಐಟಂ ಬ್ಲೇಡ್ ಮೇಲ್. ಕೂಗಿ ಕರೆದು ಹೊಡೆಸಿಕೊಂಡು, ಆ ಏಟನ್ನು ಅವರಿಗೇ ವಾಪಸ್ ಕೊಡುವುದು. ಆಕ್ಸ್‌ಗೆ ಇದಕ್ಕಿಂತ ಹೊಂದುವ ಐಟಂ ನನಗೆ ಕಂಡಿಲ್ಲ.

ಮಿಡ್ ಬಗ್ಗೆ ಜಾಸ್ತಿ ಬರೆಯಲ್ಲ. ನಾಲ್ಕು ಪಂದ್ಯ ಆಡಿದೆ. ಜೀವ, ಮಾನಾ ತುಂಬುವ 675 ಗೋಲ್ಡ್‌ನ ಬಾಟಲ್ ಮತ್ತು ರೂನ್ (ಮ್ಯಾಪ್‌ನಲ್ಲಿ ಆಗಾಗ ಸಿಗುವ ತಾತ್ಕಾಲಿಕ ಶಕ್ತಿ) ಸಮಯ ಬಿಟ್ಟರೆ ಬೇರೇನೂ ಗಟ್ಟಿಯಾಗಿ ಹೇಳುವಷ್ಟು ಪುಟ ತುಂಬಿಲ್ಲ.

ವಾರ 6 ಮತ್ತು 7: ಕ್ಯಾರಿ, ತಮ್ಮನ ಬಿಕೆಬಿ

ಇದನ್ನು ಆಡಿದ್ದು ತಮ್ಮ, ಬರೆದದ್ದು ನಾನು. ಬ್ಲ್ಯಾಕ್ ಕಿಂಗ್ ಬಾರ್‌ಗೆ (ಇದೇ ಬಿಕೆಬಿ) 4,050 ಗೋಲ್ಡ್: ಓಗರ್ ಆಕ್ಸ್ 1,000, ಮಿಥ್ರಿಲ್ ಹ್ಯಾಮರ್ 1,600, ರೆಸಿಪಿ 1,450. ತಮ್ಮ ಯಾವಾಗಲೂ ಹ್ಯಾಮರ್ ಮೊದಲು ಕೊಳ್ಳುತ್ತಿದ್ದ, ಬೇಗ ಕ್ರೀಪ್ ಹೊಡೆಯಬಹುದು ಅಂತ. ಅವನು ಸತ್ತ ಸಮಯಗಳನ್ನು ಸಾಲಾಗಿ ಬರೆದು ತೋರಿಸಿದೆ. ಅರ್ಧಕ್ಕಿಂತ ಜಾಸ್ತಿ ಸಲ ಇನ್ನೂರು ಚಿಲ್ಲರೆ ಜೀವ ಇದ್ದಿದ್ದರೆ ಬದುಕುತ್ತಿದ್ದ. ಓಗರ್ ಆಕ್ಸ್‌ನ ಶಕ್ತಿ ಕೊಡುವುದು ಹೆಚ್ಚೂಕಡಿಮೆ ಅಷ್ಟೇ ಜೀವ. ಈಗ ನಮ್ಮ ನಿಯಮ ಹೀಗಿದೆ: ಯಾರೂ ಬೆನ್ನು ಹತ್ತದಿದ್ದರೆ ಹ್ಯಾಮರ್ ಮೊದಲು, ಹುಡುಕಿಕೊಂಡು ಬರುತ್ತಿದ್ದರೆ ಓಗರ್ ಆಕ್ಸ್ ಮೊದಲು. ಎರಡೂ ಆದ ಮೇಲೆ ರೆಸಿಪಿ ಬರೋವರೆಗೂ ಅವನು ದೂರ ಹೋಗಲ್ಲ, ನಾನು ಅವನ ಹಿಂದೆಯೇ ಇರುತ್ತೇನೆ. ರೆಸಿಪಿಯ ದುಡ್ಡು ಜೇಬಿನಲ್ಲಿದ್ದಾಗ ಸಾಯುವುದು ಎಲ್ಲಕ್ಕಿಂತ ದುಬಾರಿ.

ಬಿಕೆಬಿ ಒತ್ತಿದರೆ ಸ್ವಲ್ಪ ಹೊತ್ತು ಬಹುಪಾಲು ಸ್ಪೆಲ್‌ಗಳು ತಾಗಲ್ಲ. ಆದರೆ ಬಳಸಿದಂತೆಲ್ಲ ಆ ಹೊತ್ತು ಕಡಿಮೆಯಾಗುತ್ತಾ ಬರುತ್ತೆ. ಒಂದು ಪಂದ್ಯದಲ್ಲಿ 24ನೇ ನಿಮಿಷಕ್ಕೆ ಬಂದ ಬಿಕೆಬಿಯನ್ನು ತಮ್ಮ ಲಯನ್ ಅನ್ನುವ ಒಬ್ಬನೇ ಹೀರೋನಿಂದ ತಪ್ಪಿಸಿಕೊಳ್ಳೋಕೆ ಮೂರು ಸಲ ಒತ್ತಿದ.

"ಅಲ್ಲೋ, ಒಬ್ಬನಿಗೆ ಯಾಕೋ ಅದು?"

"ಇಲ್ದಿದ್ರೆ ಸಾಯ್ತಿದ್ದೆ ಅಕ್ಕ."

"ನನ್ನ ಫೋರ್ಸ್ ಇತ್ತಲ್ಲೋ."

"ನೀನು ಹತ್ರ ಇರ್ಲಿಲ್ವಲ್ಲ."

ಅವನು ಹೇಳಿದ್ದು ಸರಿ. ರಿಪ್ಲೇಯಲ್ಲಿ ನೋಡಿದೆ, ಮೂರು ಸಲವೂ ನಾನು ಇನ್ನೊಂದು ಲೇನ್‌ನಲ್ಲಿ ವಾರ್ಡ್ ಇಡುತ್ತಿದ್ದೆ. ಕೊನೆಯ ದೊಡ್ಡ ಜಗಳದಲ್ಲಿ ಅವನ ಬಿಕೆಬಿ ಬೇಗ ಮುಗಿದು ಸೋತೆವು. ಆ ಪುಟವನ್ನು ಅವನ ಹೆಸರಿನಲ್ಲಿ ಬರೆದಿದ್ದೆ, ಆಮೇಲೆ ನನ್ನ ಹೆಸರನ್ನೂ ಸೇರಿಸಿದೆ. ಪೊಸಿಷನ್ 1ರ 4,050 ಗೋಲ್ಡ್ ಉಳಿಯುವುದು ಪೊಸಿಷನ್ 5ರ 2,200 ಎಲ್ಲಿ ನಿಂತಿದೆ ಅನ್ನುವುದರ ಮೇಲೆ.

ಆಕ್ಸ್ ಆಡಿದ್ದು ಇಲ್ಲಿ ಸಹಾಯಕ್ಕೆ ಬಂತು. ಆಕ್ಸ್‌ನ ಕೂಗು ಬಿಕೆಬಿಯನ್ನೂ ದಾಟುತ್ತೆ. ಎನಿಗ್ಮಾ ಅನ್ನುವ ಹೀರೋನ ಬ್ಲ್ಯಾಕ್ ಹೋಲ್ ಸ್ಪೆಲ್ ಕೂಡ ಹಾಗೇ. ಎದುರಿಗೆ ಅವರಿದ್ದರೆ ಬಿಕೆಬಿ ಒಂದನ್ನೇ ನಂಬಿ ಗುಂಪಾಗಿ ನಿಲ್ಲಬೇಡ ಅಂತ ತಮ್ಮನಿಗೆ ಹೇಳಿದ್ದೇನೆ.

ವಾರ 8

2022ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಕಾಮನ್‌ವೆಲ್ತ್ ಇ-ಸ್ಪೋರ್ಟ್ಸ್ ಚಾಂಪಿಯನ್‌ಶಿಪ್‌ನಲ್ಲಿ ನಮ್ಮ ದೇಶದ ಡೋಟಾ 2 ತಂಡ ಕಂಚು ಗೆದ್ದಾಗ ನಾವಿಬ್ಬರೂ ಎಷ್ಟು ಕುಣಿದಿದ್ದೆವು! ಆಗ ನನ್ನ ಕಣ್ಣು ಬರೀ ಜಗಳಗಳ ಮೇಲಿತ್ತು. ಈಗ ದೊಡ್ಡ ಪಂದ್ಯ ನೋಡುವಾಗ ಸಪೋರ್ಟ್ ಆಟಗಾರರ ಐಟಂ ಸಾಲನ್ನೇ ನೋಡುತ್ತೇನೆ. ಎಷ್ಟನೇ ನಿಮಿಷಕ್ಕೆ ಯಾವ ತುಂಡು ಬಂತು, ಅದು ಯಾರಿಗೆ ಉತ್ತರ ಅಂತ.

ನೋಟ್‌ಬುಕ್‌ನಲ್ಲಿ 71 ಪಂದ್ಯ ಆಗಿದೆ. ಪೊಸಿಷನ್ 5ರಲ್ಲಿ ಸತ್ತಾಗ ಕೈಯಲ್ಲಿರುವ ಗೋಲ್ಡ್ ಈಗ ಹೆಚ್ಚಾಗಿ 400ರೊಳಗೆ. ಗೈಡ್ ಇನ್ನೂ ತೆರೆದಿಡುತ್ತೇನೆ, ಆದರೆ ಮೊದಲ ಹತ್ತು ನಿಮಿಷಕ್ಕೆ ಮಾತ್ರ.

ಮುಂದಿನ ಎರಡು ವಾರ ಪೊಸಿಷನ್ 4. ಅರ್ಥ್‌ಶೇಕರ್‌ಗೆ ಬ್ಲಿಂಕ್ ಎಷ್ಟು ಬೇಗ ತರಬಹುದು ಅಂತ ನೋಡಬೇಕು. ಎದುರಿಗೆ ಜೀವ ತುಂಬಿಕೊಳ್ಳುವ ಹೀರೋಗಳಿದ್ದರೆ ಬ್ಲಿಂಕ್ ಬಿಟ್ಟು ಅದನ್ನು ತಗ್ಗಿಸುವ ಸ್ಪಿರಿಟ್ ವೆಸೆಲ್ ಮೊದಲು ಮಾಡಬೇಕಾ ಅನ್ನುವುದೂ ಇದೆ. ಕಾಲಂ ಹಾಕಿ ಇಟ್ಟಿದ್ದೇನೆ. ಶನಿವಾರ ತಮ್ಮ ಊರಿಂದ ಬರುತ್ತಿದ್ದಾನೆ, ಲ್ಯಾಪ್‌ಟಾಪ್ ತರುತ್ತಾನಂತೆ. ಒಂದೇ ಮೇಜಿನ ಮೇಲೆ ಕೂತು ಆಡಿ ವರ್ಷದ ಮೇಲಾಯಿತು.